ಪುಣೆಯಿಂದ ಗೋವಾಕ್ಕೆ ಕ್ಯಾರವಾನ್‌ನಲ್ಲಿ: ಮುಂಭಾಗಕ್ಕೆ ಅಂಟಿದ ಹುಳುಗಳನ್ನು ಅಂದಂದೇ ತೊಳೆಯಿರಿ

ಪುಣೆಯಿಂದ ಗೋವಾಕ್ಕೆ ಕ್ಯಾರವಾನ್‌ನಲ್ಲಿ ಹೊರಡುವವರು ಮಲಗುವ ವ್ಯವಸ್ಥೆ, ಶೌಚಾಲಯ, ಗ್ಯಾಸ್ ಒಲೆ, ರಾತ್ರಿ ನಿಲ್ಲಿಸುವ ಜಾಗ ಎಲ್ಲವನ್ನೂ ಹತ್ತು ಸಲ ವಿಚಾರಿಸಿಕೊಳ್ಳುತ್ತಾರೆ. ಗಾಡಿಯ ಮುಂಭಾಗಕ್ಕೆ ಬಡಿದು ಅಂಟಿಕೊಳ್ಳುವ ಹುಳುಹುಪ್ಪಟೆಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಮಳೆ ನಿಂತು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಈ ದಾರಿಯಲ್ಲಿ ಒಂದು ಮುಸ್ಸಂಜೆ ಓಡಿಸಿದರೆ ಸಾಕು; ಗಾಜು, ಬಂಪರ್, ಹೆಡ್‌ಲೈಟ್, ಪಕ್ಕದ ಕನ್ನಡಿಗಳ ಬೆನ್ನು, ಎಲ್ಲಿ ನೋಡಿದರೂ ಹಳದಿ ಹಸಿರು ಕಲೆ. ಅಂದೇ ತೊಳೆದರೆ ಅದು ಅರ್ಧ ಗಂಟೆಯ ಕೆಲಸ. ಮರುದಿನದ ಬಿಸಿಲು ತಾಗಲು ಬಿಟ್ಟರೆ ಎಷ್ಟು ಹೊತ್ತು ಕೂತರೂ ಬಿಡುವುದಿಲ್ಲ. ಬಿಟ್ಟರೂ ಬಣ್ಣದ ಮೇಲೆ ಗುರುತು ಉಳಿದುಬಿಡುತ್ತದೆ.

ನಾವು ಪುಣೆಯಲ್ಲಿ ನೆಲೆಸಿರುವ ಕನ್ನಡದ ಕುಟುಂಬ. ಮನೆಯವರು ಗಾಡಿ ಓಡಿಸುತ್ತಾರೆ. ದಾರಿ ನೋಡುವುದು, ಗಾಡಿಯನ್ನು ಶುಚಿಯಾಗಿ ಇಡುವುದು ನನ್ನ ಪಾಲು. ಈ ಸಲ ಧಾರವಾಡದಿಂದ ಅತ್ತೆಯವರೂ ಬಂದಿದ್ದರು. ಬಾಡಿಗೆಗೆ ಪಡೆದದ್ದು ದೊಡ್ಡ ವ್ಯಾನಿನ ಮೇಲೆ ಕಟ್ಟಿದ ಮೋಟಾರ್‌ಹೋಮ್. ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿದ ಫೈಬರ್ ಗೂಡು, ಅದರೊಳಗೆ ಇಬ್ಬರು ಮಲಗುವ ಹಾಸಿಗೆ. ಕಾರಿನ ಮುಂಭಾಗ ಇಳಿಜಾರಾಗಿರುವುದರಿಂದ ಗಾಳಿಯೇ ಎಷ್ಟೋ ಹುಳುಗಳನ್ನು ಮೇಲೆ ಹಾರಿಸಿ ದಾಟಿಸುತ್ತದೆ. ಈ ಗಾಡಿಯ ಮುಂಭಾಗ ಎತ್ತರದ ನೆಟ್ಟಗಿನ ಗೋಡೆ. ಎದುರಾದ ಹುಳು ನೇರವಾಗಿ ಬಡಿಯುತ್ತದೆ, ಅದರಲ್ಲೂ ಕೈಗೆಟುಕದ ಆ ಗೂಡಿಗೆ.

ದಾರಿ ಸುಮಾರು 450 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಖಂಬಾಟ್ಕಿ ಘಾಟ್ ದಾಟಿ ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ್. ನಿಪ್ಪಾಣಿಯ ಬಳಿ ಹೆದ್ದಾರಿ ಬಿಟ್ಟು ಆಜರಾ, ಆಂಬೋಲಿ, ಸಾವಂತವಾಡಿ, ಬಾಂದಾ. ಅಲ್ಲಿಂದ ಪತ್ರಾದೇವಿಯಲ್ಲಿ ಗೋವಾ ಪ್ರವೇಶ. ಬೆಳಗಾವಿಗೆ ಹೋಗಿ ಚೋರ್ಲಾ ಘಾಟ್ ಇಳಿಯುವ ದಾರಿಯೂ ಇದೆ. ಆದರೆ ಅಲ್ಲಿ ಭಾರಿ ವಾಹನಗಳಿಗೆ ಆಗಾಗ ನಿರ್ಬಂಧ ಹಾಕುತ್ತಾರೆ, ವಿಚಾರಿಸಿಕೊಂಡೇ ಹೊರಡಿ. ಸಾತಾರಾದವರೆಗೆ ಹುಳುಗಳ ಕಾಟ ಕಡಿಮೆ. ಕರಾಡದಿಂದ ನಿಪ್ಪಾಣಿಯವರೆಗೆ ಎರಡೂ ಬದಿಗೆ ಕಬ್ಬು, ಸೋಯಾ, ಭತ್ತ, ನದಿ, ಕಾಲುವೆ. ಸೂರ್ಯ ಇಳಿಯುತ್ತಿದ್ದಂತೆ ಪತಂಗ, ಜಿಗಿಹುಳು, ಸಣ್ಣ ದುಂಬಿಗಳೆಲ್ಲ ಗದ್ದೆಯಿಂದ ಮೇಲೇಳುತ್ತವೆ. ಕತ್ತಲಾದ ಮೇಲೆ ನಮ್ಮ ದೀಪವೇ ಅವುಗಳನ್ನು ಕರೆಯುತ್ತದೆ. ಅಕ್ಟೋಬರ್‌ನಲ್ಲಿ ಹಗಲು ಹೊತ್ತಿನಲ್ಲೂ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ರಸ್ತೆಯ ಮೇಲೆ ಹಾರಾಡುತ್ತಿರುತ್ತವೆ.

ಹಾಗಾಗಿ ನನ್ನ ಮೊದಲ ಸಲಹೆ ತೊಳೆಯುವ ಬಗ್ಗೆ ಅಲ್ಲ, ಹೊರಡುವ ಹೊತ್ತಿನ ಬಗ್ಗೆ. ಬೆಳಗಿನ ಜಾವ ಪುಣೆ ಬಿಟ್ಟು, ಸಂಜೆ ಐದರೊಳಗೆ ಆಂಬೋಲಿಯಲ್ಲಿ ಗಾಡಿ ನಿಲ್ಲಿಸಿ. ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲಂತೂ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಈ ರಸ್ತೆಯಲ್ಲಿ ಸಾಗುತ್ತವೆ. ಹುಳು ಮೆತ್ತಿದ ಗಾಜಿನ ಮೇಲೆ ಎದುರು ಬರುವ ಲಾರಿಯ ದೀಪ ಬಿದ್ದಾಗ ಗಾಜಿಡೀ ಬೆಳ್ಳಗಾಗಿ, ಮುಂದಿರುವ ಟ್ರ್ಯಾಕ್ಟರ್ ಕಾಣುವುದೇ ಇಲ್ಲ. ಹುಳು ತೊಳೆಯುವುದು ಅಂದಚೆಂದದ ಕೆಲಸವಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆಂಬೋಲಿ ಸುಮಾರು 690 ಮೀಟರ್ ಎತ್ತರದ, ಮಳೆಗೆ ಹೆಸರಾದ ಊರು. ಒಂದು ಊಟದ ಹೋಟೆಲಿನ ಅಂಗಳದಲ್ಲಿ ಮಾಲೀಕರ ಅನುಮತಿ ಕೇಳಿ ನಿಲ್ಲಿಸಿದೆವು. ಅವರು ತೋರಿಸಿದ ಜಾಗ ದೊಡ್ಡ ಬಿಳಿ ದೀಪದ ಕಂಬದ ಕೆಳಗಿತ್ತು. ನಾವು ಮೂಲೆಯ ಕತ್ತಲಿನ ಜಾಗ ಕೇಳಿಕೊಂಡೆವು. ಬಿಳಿ ದೀಪದಡಿ ನಿಂತ ಗಾಡಿಗೆ ರಾತ್ರಿಯೆಲ್ಲ ಹುಳು ಬಂದು ಕೂರುತ್ತವೆ, ಬೆಳಗಾಗುವಷ್ಟರಲ್ಲಿ ಅರ್ಧ ಸತ್ತಿರುತ್ತವೆ. ಗಾಡಿಯ ಹೊರದೀಪಕ್ಕೆ ಹಳದಿ ಬಲ್ಬ್ ಇದ್ದರೆ ಹುಳು ಬರುವುದು ಎಷ್ಟೋ ಕಡಿಮೆ.

ಅಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ ಒಣ ಬಟ್ಟೆ ಹಿಡಿದು ಉಜ್ಜುವುದು. ಮನೆಯವರು ಬಟ್ಟೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಅತ್ತೆಯವರು ತಡೆದರು. "ಯಾರಾದರೂ ರೇಷ್ಮೆ ಸೀರೆಯ ಕಲೆಯನ್ನು ಒಣಗಿದ್ದ ಹಾಗೇ ತಿಕ್ಕುತ್ತಾರೇನಪ್ಪಾ? ಮೊದಲು ನೆನೆಸು." ಇಡೀ ವಿದ್ಯೆ ಆ ಮಾತಿನಲ್ಲೇ ಇದೆ. ಹುಳುವಿನ ಮೈಯ ರಸದಲ್ಲಿ ಪ್ರೋಟೀನು ಇರುತ್ತದೆ, ಅದು ಒಣಗಿದಾಗ ಗಟ್ಟಿ ಅಂಟಾಗುತ್ತದೆ. ಕೊಳೆಯುತ್ತಾ ಹೋದಂತೆ ಅದರಲ್ಲಿ ಆಮ್ಲದ ಗುಣ ಹೆಚ್ಚುತ್ತದೆ. ಬಿಸಿಲಿಗೆ ಬಣ್ಣದ ಮೇಲಿನ ಪಾರದರ್ಶಕ ಲೇಪ ಸ್ವಲ್ಪ ಮೆದುವಾದಾಗ ಆ ಆಮ್ಲ ಅದನ್ನು ತಿನ್ನುತ್ತದೆ. ಹಳೆಯ, ಹೊಳಪು ಕಳೆದುಕೊಂಡ ಫೈಬರ್ ಆದರೆ ಕಲೆ ಇನ್ನೂ ಒಳಗಿಳಿಯುತ್ತದೆ. ಇನ್ನು ಹುಳುವಿನ ರೆಕ್ಕೆ, ಕಾಲು, ಚಿಪ್ಪು, ಜೊತೆಗೆ ರಸ್ತೆಯ ದೂಳು. ಒಣದಾಗಿ ಉಜ್ಜಿದರೆ ಇವೆಲ್ಲ ಸೇರಿ ಗೀರು ಎಳೆಯುತ್ತವೆ.

ನೆನೆಸುವುದು ಹೀಗೆ. ಎಂಜಿನ್ ಆರಿಸಿ, ಮುಂಭಾಗ ಕೈಗೆ ತಣ್ಣಗೆ ತಾಗುವವರೆಗೆ ಕಾಯಿರಿ. ಹಳೆಯ ಟವೆಲ್‌ಗಳನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಬಂಪರ್ ಮತ್ತು ಬಾನೆಟ್ ಮೇಲೆ ಹಾಸಿ. ಗಾಜಿನ ಮೇಲಿನ ಟವೆಲ್ ಜಾರದಂತೆ ವೈಪರ್ ಕಡ್ಡಿಯನ್ನು ಎತ್ತಿ ಅದರ ಕೆಳಗೆ ಸಿಕ್ಕಿಸಿ. ಹತ್ತು ಹದಿನೈದು ನಿಮಿಷ ಹಾಗೇ ಬಿಡಿ, ನಡುವೆ ಒಣಗುತ್ತಿದೆ ಎನಿಸಿದರೆ ಮತ್ತೆ ನೀರು ಚಿಮುಕಿಸಿ. ಅಷ್ಟರಲ್ಲಿ ಚಹಾ ಆಗುತ್ತದೆ. ಗಿಡಗಳಿಗೆ ಔಷಧ ಸಿಂಪಡಿಸುವ ಎರಡು ಲೀಟರಿನ ಕೈಪಂಪು, ಹೊಸದು, ಒಂದು ಜೊತೆಗಿರಲಿ. ಕ್ಯಾರವಾನ್‌ನ ನೀರಿನ ತೊಟ್ಟಿ ಸ್ನಾನಕ್ಕೂ ಅಡುಗೆಗೂ ಬೇಕು, ಪೈಪ್ ಹಿಡಿದು ಸುರಿಯಲು ಆಗುವುದಿಲ್ಲ. ಆ ಪಂಪಿನಲ್ಲಿ ಎರಡು ಸಲ ತುಂಬಿಸಿದ ನೀರಿನಲ್ಲಿ ಇಡೀ ಮುಂಭಾಗ ಮುಗಿಯುತ್ತದೆ.

ಅತ್ತೆಯವರು ತಮ್ಮ ರೇಷ್ಮೆಗೆಂದು ಇಟ್ಟುಕೊಂಡಿದ್ದ ಅಂಟುವಾಳಕಾಯಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಟ್ಟರು. ಸೋಸದಿದ್ದರೆ ಸಿಪ್ಪೆಯ ಚೂರು ಗೀರು ಮಾಡುತ್ತದೆ. ನೊರೆ ನೀರನ್ನು ಪಂಪಿಗೆ ತುಂಬಿಸಿ ಟವೆಲಿನ ಮೇಲೆ ಸಿಂಪಡಿಸಿದೆ. ಕಾರು ತೊಳೆಯುವ ಶಾಂಪೂ ಕೂಡ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಅದೇ ಸುಲಭ. ಟವೆಲ್ ಎತ್ತಿದಾಗ ಬಂಪರ್ ಮೇಲೆ ಗಟ್ಟಿಯಾಗಿ ಕೂತಿದ್ದ ಪತಂಗವೊಂದರ ಹಳದಿ ಮುದ್ದೆ ಉಬ್ಬಿ, ಅಂಚು ಬಿಟ್ಟು, ನೀರಿನ ಹನಿಯೊಂದಿಗೆ ತಾನಾಗಿ ಜಾರಿತು. ಅದರಡಿಯ ಬಿಳಿ ಬಣ್ಣಕ್ಕೆ ಏನೂ ಆಗಿರಲಿಲ್ಲ. ಉಳಿದದ್ದನ್ನು ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಿದರೆ ಬಂತು. ಬಟ್ಟೆಯ ಮಡಿಕೆಯನ್ನು ಆಗಾಗ ಬದಲಿಸಿ. ಬಿಡದ ಕಲೆ ಕಂಡರೆ ಕೈಯ ಬಲ ಹೆಚ್ಚಿಸಬೇಡಿ, ಟವೆಲನ್ನು ಇನ್ನೊಮ್ಮೆ ಹಾಸಿ. ಮೇಲಿನ ಗೂಡಿಗೆ ಉದ್ದ ಹಿಡಿಯ ನೆಲ ಒರೆಸುವ ಕೋಲಿಗೆ ಅದೇ ಬಟ್ಟೆ ಕಟ್ಟಿಕೊಳ್ಳಿ. ಬಂಪರ್ ಮೇಲೆ ಹತ್ತಿ ನಿಲ್ಲುವುದು ಬೇಡ, ಒದ್ದೆಯಲ್ಲಿ ಕಾಲು ಜಾರುತ್ತದೆ.

ಗಾಜು ಬಣ್ಣಕ್ಕಿಂತ ಗಟ್ಟಿ, ಅಲ್ಲಿ ಸ್ವಲ್ಪ ಧೈರ್ಯ ಮಾಡಬಹುದು. ನೆನೆದ ಮೇಲೂ ಉಳಿದ ಚುಕ್ಕೆಯನ್ನು ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಓರೆಯಾಗಿ ಹಿಡಿದು ಎಬ್ಬಿಸಿ, ಗಾಜು ಒದ್ದೆಯಾಗಿರುವಾಗಲೇ. ಆಮೇಲೆ ವೈಪರಿನ ರಬ್ಬರನ್ನು ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಉದ್ದಕ್ಕೆ ಒರೆಸಬೇಕು. ನಮ್ಮ ಗಾಡಿಯ ರಬ್ಬರಿನಡಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯೊಂದು ಸಿಕ್ಕಿಕೊಂಡು ಪ್ರತಿ ಸುತ್ತಿಗೂ ಅದೇ ಗೆರೆ ಎಳೆಯುತ್ತಿತ್ತು. ಓಡುವಾಗ ಹುಳು ಬಡಿದರೆ ಒಣ ಗಾಜಿನ ಮೇಲೆ ವೈಪರ್ ಹಾಕಬೇಡಿ, ಒಂದು ಚುಕ್ಕೆ ಇದ್ದದ್ದು ಗಾಜಿಡೀ ಹರಡುತ್ತದೆ. ಮೊದಲು ಧಾರಾಳವಾಗಿ ನೀರು ಚಿಮ್ಮಿಸಿ, ಕ್ಷಣ ಬಿಟ್ಟು ವೈಪರ್. ಪೆಟ್ರೋಲ್ ಬಂಕ್‌ಗಳಲ್ಲಿ ಒಣ ಬಟ್ಟೆ ಹಿಡಿದು ಗಾಜು ಒರೆಸಲು ಬರುವ ಹುಡುಗರಿಗೆ ಕಾಸು ಕೊಡಿ, ಒರೆಸಲು ಬಿಡಬೇಡಿ.

ಮುಟ್ಟಲೇಬಾರದ ವಸ್ತುಗಳಿವೆ. ಪಾತ್ರೆ ತಿಕ್ಕುವ ಹಸಿರು ನಾರು, ಸ್ಟೀಲ್ ನಾರು, ಬಟ್ಟೆ ಒಗೆಯುವ ಪುಡಿ. ಸೀಮೆಎಣ್ಣೆ, ಡೀಸೆಲ್ ಹಾಕಿದರೆ ಬೇಗ ಬಿಡುತ್ತದೆ ಎನ್ನುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಮೇಣದ ಹೊಳಪೂ ಅದರೊಂದಿಗೆ ಹೋಗುತ್ತದೆ, ರಬ್ಬರ್ ಪಟ್ಟಿಯೂ ಕೆಡುತ್ತದೆ. ಕ್ಯಾರವಾನ್‌ನ ಪಕ್ಕದ ಕಿಟಕಿಗಳು, ಗೂಡಿನ ಚಿಕ್ಕ ಕಿಂಡಿ ಎಷ್ಟೋ ಗಾಡಿಗಳಲ್ಲಿ ಗಾಜಲ್ಲ, ಅಕ್ರಿಲಿಕ್. ಸ್ಯಾನಿಟೈಸರ್, ಸ್ಪಿರಿಟ್, ಅಮೋನಿಯ ಇರುವ ಗಾಜಿನ ದ್ರವ ತಾಗಿದರೆ ಅದರಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಒಂದು ಕಿಟಕಿಯ ಬೆಲೆ ಕೇಳಿದರೆ ಯಾರೂ ಆ ಪ್ರಯೋಗಕ್ಕೆ ಹೋಗುವುದಿಲ್ಲ. ಅಲ್ಲಿಗೆ ಶಾಂಪೂ ನೀರು, ಮೆತ್ತನೆಯ ಬಟ್ಟೆ, ಅಷ್ಟೇ.

ಘಾಟ್ ದಾರಿಯವರು ಮರೆಯುವ ಇನ್ನೊಂದು ಜಾಗ ಮುಂಭಾಗದ ಜಾಲರಿಯ ಒಳಗಡೆ. ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಹುಳು, ಹುಲ್ಲಿನ ಎಳೆ, ಕಬ್ಬಿನ ರವದಿ ಅಲ್ಲಿ ತುಂಬಿದರೆ ಗಾಳಿ ಹಾಯುವುದಿಲ್ಲ. ಏರಿನಲ್ಲಿ ಎಂಜಿನ್ ಬಿಸಿ ಏರುತ್ತದೆ, ಎಸಿ ತಂಪು ಕೊಡುವುದಿಲ್ಲ. ಮರಳುವಾಗ ಆಂಬೋಲಿ ಹತ್ತುವ ಮುನ್ನ ಸಾವಂತವಾಡಿಯಲ್ಲಿ ಟಾರ್ಚ್ ಹಾಕಿ ನೋಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೆದು ಬ್ರಷ್‌ನಿಂದ ಕಂಡೆನ್ಸರ್‌ನ ತೆಳು ಲೋಹದ ರೆಕ್ಕೆಗಳು ನಿಂತ ದಿಕ್ಕಿನಲ್ಲೇ ಗುಡಿಸಿ, ಕಡಿಮೆ ಒತ್ತಡದ ನೀರು ಬಿಡಿ.

ಮಾಪುಸಾದಲ್ಲಿ ವಾಟರ್ ಸರ್ವಿಸ್‌ಗೆ ಗಾಡಿ ಬಿಟ್ಟಾಗ ಕೆಲಸದ ಹುಡುಗ ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿಸಿದ. ಗದಗ ಕಡೆಯವನಂತೆ. "ಅಕ್ಕಾ, ಪ್ರೆಶರ್ ಪೂರ್ತಿ ಇಡಲಾ?" ಎಂದ. "ಬೇಡ ತಮ್ಮಾ, ಮೊದಲು ಬರೀ ನೀರು ಹಾಕು, ನೊರೆ ಬಿಟ್ಟು ಸ್ವಲ್ಪ ಕಾಯಿ. ಜಾಲರಿಗೆ, ಕಿಟಕಿಯ ರಬ್ಬರಿಗೆ ಗನ್ ಹಿಡಿಯಬೇಡ" ಎಂದೆ. ಹೇಳಿದಂತೆಯೇ ಮಾಡಿದ. ಜೋರು ಒತ್ತಡದ ನೀರು ಕಂಡೆನ್ಸರ್‌ನ ತೆಳು ರೆಕ್ಕೆಗಳನ್ನು ಮಡಚಿಬಿಡುತ್ತದೆ, ಕಿಟಕಿಯ ಅಂಚಿನಿಂದ ಒಳಗೆ ನುಗ್ಗಿ ಹಾಸಿಗೆ ನೆನೆಸುತ್ತದೆ. ಗೋವಾದಲ್ಲಿ ಕಡಲ ಬದಿಗೆ ಒಂದೆರಡು ದಿನ ನಿಂತರೆ ಉಪ್ಪಿನ ಲೇಪವೂ ಸೇರುವುದರಿಂದ, ಅಲ್ಲಿ ಒಮ್ಮೆ ಹೀಗೆ ದುಡ್ಡು ಕೊಟ್ಟು ಪೂರ್ತಿ ತೊಳೆಸುವುದು ಒಳ್ಳೆಯದು. ತೆರೆಖೋಲ್, ಶಾಪೋರಾ ನದಿಗಳ ದಡಕ್ಕೆ ಗಾಡಿ ಇಳಿಸಿ ಸೋಪು ಹಚ್ಚಿ ತೊಳೆಯುವುದು ದಯವಿಟ್ಟು ಬೇಡ. ಅದು ಮೀನು ಹಿಡಿದು ಬದುಕುವವರ ನೀರು.

ಮುಂಬೈಯಿಂದ ಬರುವವರು ಪನ್ವೇಲ್‌ನಿಂದ ಹೆದ್ದಾರಿ 66 ಹಿಡಿದು ಚಿಪ್ಳೂಣ, ಕಣಕವಲಿ ಮಾರ್ಗವಾಗಿ ಬರುತ್ತಾರೆ. ಕೊಂಕಣದ ಆ ದಾರಿಯಲ್ಲಿ ಹುಳುಗಳ ಜೊತೆ ಜಂಬಿಟ್ಟಿಗೆಯ ಕೆಂಪು ದೂಳೂ ಮೆತ್ತುತ್ತದೆ. ಅಲ್ಲಿ ಟವೆಲ್ ಹಾಸುವ ಮುನ್ನ ಬರೀ ನೀರಿನಿಂದ ದೂಳು ಇಳಿಸಿಕೊಳ್ಳಿ. ಜೂನ್‌ನ ಮೊದಲ ಮಳೆಗೆ ಹೋಗುವವರಿಗೆ ರೆಕ್ಕೆ ಬಂದ ಗೆದ್ದಲು ಎದುರಾಗುತ್ತದೆ. ಮಳೆ ನಿಂತ ಸಂಜೆ ಅದು ದೀಪದ ಸುತ್ತ ಮುತ್ತಿಕೊಂಡಾಗ ಗಾಡಿ ಬದಿಗೆ ಹಾಕಿ ಕಾಯುವುದೇ ಸರಿ.

ಹೊರಡುವ ಹಿಂದಿನ ದಿನ ಮುಂಭಾಗಕ್ಕೆ ಕಾರಿನ ಮೇಣ ಹಚ್ಚಿದ್ದರೆ ಈ ಎಲ್ಲ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಬಾಡಿಗೆ ಗಾಡಿಯಾದರೆ ಮಾಲೀಕರನ್ನು ಕೇಳಿ ಹಚ್ಚಿ. ಗಾಡಿ ಪಡೆಯುವಾಗಲೇ ಬಂಪರ್, ಗೂಡು, ಹೆಡ್‌ಲೈಟ್‌ಗಳ ಫೋಟೊ ಹತ್ತಿರದಿಂದ ಹಗಲಿನ ಬೆಳಕಿನಲ್ಲಿ ತೆಗೆದಿಡಿ. ಹಳೆಯ ಪ್ರವಾಸಿಗರು ಬಿಟ್ಟುಹೋದ ಹುಳುವಿನ ಗುರುತುಗಳು ಅಲ್ಲಿ ಮೊದಲೇ ಇರುತ್ತವೆ, ಠೇವಣಿಯಿಂದ ಅದಕ್ಕೂ ಹಣ ಹಿಡಿಯುವವರಿದ್ದಾರೆ. ಹಿಂದಿರುಗಿಸುವಾಗ ಗಾಡಿ ಒಣಗಿರಲಿ, ಒದ್ದೆ ಮೈಯಲ್ಲಿ ಗೀರು ಕಾಣುವುದಿಲ್ಲವೆಂದು ಕೆಲವರು ಪರಿಶೀಲನೆಯನ್ನು ಮುಂದೂಡುತ್ತಾರೆ. ಮುಂಭಾಗವನ್ನು ಜೊತೆಗೆ ನಿಂತು ತೋರಿಸಿ, ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡ ಮೇಲೆಯೇ ಕೀಲಿ ಕೊಡಿ.