ಬೆಣ್ಣೆ ದೋಸೆ, ಲಗ್ನಪತ್ರಿಕೆ

ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಮೊಬೈಲಿನಲ್ಲಿ ಹಣ ಕೊಟ್ಟೆ. ಬೆರಳಿನ ಜಿಡ್ಡು ಇನ್ನೂ ಹೋಗಿರಲಿಲ್ಲ, ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ ಮೊತ್ತವನ್ನು ಕನ್ನಡದಲ್ಲಿಯೇ ಕೂಗಿ ಹೇಳಿತು. ಯುಪಿಐ ಬಂದದ್ದು 2016ರಲ್ಲಿ. ಚಿಲ್ಲರೆಯ ಬದಲು ಚಾಕೊಲೇಟ್ ಕೊಡುತ್ತಿದ್ದ ಕಾಲ ಈಗ ಹಿಂದಿನ ಜನ್ಮದ ಮಾತು.

ಅಲ್ಲಿಂದ ನೇರವಾಗಿ ತಂಗಿಯ ಲಗ್ನಪತ್ರಿಕೆ ಮಾಡಿಸಲು ಹೋದೆ. ಮೊಬೈಲಿನಲ್ಲಿ ಬರೆದಿದ್ದ ಒಕ್ಕಣೆಯನ್ನು ಕಳುಹಿಸಿದರೆ, ಅಂಗಡಿಯ ಕಂಪ್ಯೂಟರಿನಲ್ಲಿ ಸಾಲುಸಾಲು ಖಾಲಿ ಚೌಕಗಳು! ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಗೊತ್ತುಮಾಡುವ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಂಗಡಿಯ ಪುಟವಿನ್ಯಾಸದ ತಂತ್ರಾಂಶಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಒಕ್ಕಣೆಯನ್ನು ಆ ತಂತ್ರಾಂಶಕ್ಕೆ ಹೊಂದುವಂತೆ ಪರಿವರ್ತಿಸಿ ನೋಡಿದೆವು. ‘ಆಶೀರ್ವಾದ’ದ ಅರ್ಕಾವತ್ತು ಎತ್ತಲೋ ಹಾರಿಹೋಯಿತು, ‘ಜ್ಯೇಷ್ಠ’ ಪುತ್ರನ ಒತ್ತುಗಳು ಒಂದರ ಮೇಲೊಂದು ಬಿದ್ದವು. ಕೊನೆಗೆ ಹುಡುಗ ಕೀಲಿಮಣೆಯನ್ನು ಎಳೆದುಕೊಂಡು, “ಅಣ್ಣಾ, ನೀವು ಓದುತ್ತಾ ಹೋಗಿ, ನಾನು ಹೊಡೆಯುತ್ತೇನೆ” ಎಂದ. ಆ ಕೀಲಿಮಣೆಯ ಇಂಗ್ಲಿಷ್ ಅಕ್ಷರಗಳ ಜೋಡಣೆಯೋ, 1870ರ ದಶಕದ ಬೆರಳಚ್ಚು ಯಂತ್ರದಿಂದ ಬಂದದ್ದು.

ತಂತ್ರಜ್ಞಾನ ಓಡುತ್ತಿದೆಯೋ ತೆವಳುತ್ತಿದೆಯೋ ಎಂದು ಯಾರಾದರೂ ಕೇಳಿದರೆ, ಯಾರ ಕೆಲಸಕ್ಕೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಹಣ ದಾಟಿಸುವುದಕ್ಕೆ ಅದಕ್ಕೆ ರೆಕ್ಕೆ, ಒತ್ತಕ್ಷರ ದಾಟಿಸುವುದಕ್ಕೆ ಮೊಣಕಾಲು ನೋವು. ಬೇಡಿಕೆ ಇದ್ದಲ್ಲಿಗೆ ಬಂಡವಾಳ ಹೋಗುತ್ತದೆ, ಸರಿ. ಆದರೂ ಮೂವತ್ತು ವರ್ಷ ಮೀರಿದ ಮೇಲೂ ಅರ್ಕಾವತ್ತಿಗಾಗಿ ಕಾಯುವುದು ಸ್ವಲ್ಪ ಹೆಚ್ಚೇ ಆಯಿತು.

ಕರಡಚ್ಚು ಈಗ ಕೈಗೆ ಬಂದಿದೆ. ಅಜ್ಜನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ.