ಓಟದ ದಿನದ ಗಂಜಿ

ಕಾರವಾರದ ಮಾಲಾದೇವಿ ಮೈದಾನದಲ್ಲಿ ಕ್ರೀಡಾಕೂಟ. ಅಂಕೋಲಾ ಕಡೆಯಿಂದ ಬೆಳಿಗ್ಗೆ ಆರಕ್ಕೇ ಹೊರಟಿದ್ದೆವು. ಟೆಂಪೋ ಹತ್ತುವಾಗ ಕೇಳಿದರೆ, ಅರ್ಧಕ್ಕರ್ಧ ಮಕ್ಕಳು ಬರೀ ಚಾ ಕುಡಿದು ಬಂದಿದ್ದಾರೆ. 1500 ಮೀಟರ್ ಓಡಬೇಕಾದ ಹುಡುಗಿಯೂ ಅಷ್ಟೇ.

"ತಿಂದ್ರೆ ಓಡುವಾಗ ಹೊಟ್ಟೆ ಹಿಡಿತದೆ ಅಕ್ಕೋರೇ" ಅಂದಳು.

ಅವಳ ಮಾತು ಸುಳ್ಳಲ್ಲ. ಹೊಟ್ಟೆ ಬಿರಿಯ ಉಂಡು ಕೂಡಲೇ ಓಡಿದರೆ ಹಿಡಿದೇ ಹಿಡಿಯುತ್ತದೆ. ಆದರೆ ಅವಳ ಓಟ ಇದ್ದದ್ದು ಹತ್ತೂವರೆಗೆ. ರಾತ್ರಿ ಎಂಟಕ್ಕೆ ಉಂಡ ಹುಡುಗಿ ಅಲ್ಲಿಯವರೆಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಾ? ನಾವು ಮಲಗಿದ್ದಾಗಲೂ ಮೆದುಳಿಗೆ ಸಕ್ಕರೆ ಬೇಕು. ಲಿವರ್ ತಾನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ಕರಗಿಸಿ ಕೊಡುತ್ತದೆ. ಬೆಳಗಾಗುವಷ್ಟರಲ್ಲಿ ಆ ದಾಸ್ತಾನು ತುಂಬಾ ಇಳಿದಿರುತ್ತದೆ. ಕೊನೆಯ ಸುತ್ತುಗಳಲ್ಲಿ ಮಕ್ಕಳು ಕಣ್ಣು ಕತ್ತಲೆ ಬಂತು ಅನ್ನೋದು ಸುಮ್ನೆ ಅಲ್ಲ.

ಮೈದಾನ ಮುಟ್ಟಿದ ಕೂಡಲೇ ಡಬ್ಬಿ ಬಿಚ್ಚಿದೆ. ಕುಚಲಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಹಣ್ಣು. ಓಟಕ್ಕೆ ಇನ್ನೂ ಮೂರು ತಾಸಿತ್ತು, ಅರಗೋಕೆ ಅಷ್ಟು ಸಾಕು. ಬೇಡ ಬೇಡ ಅಂತಿದ್ದವಳು ಮಿಡಿ ಚೀಪುತ್ತಾ ಲೋಟ ಖಾಲಿ ಮಾಡಿದಳು. ಆಮೇಲೆ ತಾನೇ ಲೋಟ ಮುಂದೆ ಚಾಚಿದಳು.

ನಮ್ಮ ಕರಾವಳಿಯ ಸೆಕೆ ಗೊತ್ತಲ್ವಾ? ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಬೆವರು ಮಾತ್ರ ಸುರಿಯುತ್ತಲೇ ಇರುತ್ತದೆ. ರಿಲೇ ಓಡಿ ಬಂದ ಹುಡುಗನ ನೀಲಿ ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಅದಕ್ಕೇ ಮುರುಗಲು ಪಾನಕಕ್ಕೆ ಸಕ್ಕರೆ ಜೊತೆ ಚಿಟಿಕೆ ಉಪ್ಪು ಹಾಕಿ ತಂದಿದ್ದೆ. ಸ್ವಲ್ಪ ಸ್ವಲ್ಪವೇ ಎಲ್ಲರಿಗೂ ಕುಡಿಸಿದೆ.

ಹುಡುಗಿ ಮೂರನೆಯವಳಾಗಿ ಬಂದಳು. ಕುಮಟಾ, ಹೊನ್ನಾವರದ ಹುಡುಗಿಯರು ಅವಳಿಗಿಂತ ಗಟ್ಟಿಗರು, ಅದು ಒಪ್ಪಬೇಕಾದ್ದೇ. ಆದರೆ ಕೊನೆಯ ಸುತ್ತಲ್ಲಿ ಇವಳ ಕಾಲು ಸೋಲಲಿಲ್ಲ. ಇಬ್ಬರನ್ನು ಹಿಂದೆ ಹಾಕಿದ್ದು ಅಲ್ಲೇ. ಗಂಜಿಯೊಂದರಿಂದಲೇ ಹಾಗಾಯಿತು ಅಂತ ನಾನು ಹೇಳೋದಿಲ್ಲ, ಮಳೆಗಾಲ ಪೂರ್ತಿ ಅವಳು ಓಡಿದ್ದಾಳೆ. ಆ ಶ್ರಮ ಹಸಿವಿನಿಂದ ಹಾಳಾಗಲಿಲ್ಲ, ಅದೇ ನನಗೆ ಖುಷಿ.

ಸಂಜೆ ಅವಳ ಅಮ್ಮನ ಫೋನು. ಅಂಗಡಿಯಲ್ಲಿ ಪ್ರೋಟೀನ್ ಪುಡಿ ಸಿಗ್ತದಂತೆ, ತರಬೇಕಾ ಅಂತ. ಮೀನು ಮಾರುವ ಮನೆಗೆ ಪುಡಿ ಯಾಕೆ? 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇರುತ್ತದೆ.

"ಹಂಗಾದ್ರೆ ಓಟದ ದಿನ ಬೆಳಿಗ್ಗೆ ಬಂಗಡೆ ಸಾರು ಹಾಕ್ಲಾ?"

"ಬೆಳಿಗ್ಗೆ ಬೇಡ, ಎಣ್ಣೆ ಮೀನು ಅರಗೋಕೆ ಹೊತ್ತು ಬೇಕು. ಓಡಿ ಬಂದ ಮೇಲೆ ಅನ್ನದ ಜೊತೆ ಹಾಕಿ."

"ಹಂಗಾದ್ರೆ ಇವತ್ತೇ ಹಾಕ್ತೆ" ಅಂದು ಫೋನಿಟ್ಟರು.