ಇಲ್ಲ, ನಾನು ಟ್ಯೂಷನ್ ಹೇಳಿಕೊಡುವುದಿಲ್ಲ

ಊರಿನಿಂದ ಫೋನ್ ಬಂದಾಗಲೆಲ್ಲ, ಇಲ್ಲಿ ಅಮೆರಿಕದಲ್ಲಿ ನಾಲ್ಕು ಜನ ಕನ್ನಡದವರು ಸೇರಿದಾಗಲೆಲ್ಲ ಇದೇ ಪ್ರಶ್ನೆ: ‘ಅಷ್ಟು ದೂರ ಓದಲು ಹೋಗಿ ಅಲ್ಲಿನ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೀಯಂತೆ, ಹೌದಾ?’ ಮೂರು ವರ್ಷದಿಂದ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಟ್ಯೂಷನ್ ಅಲ್ಲ. ನಾನು ಪಿಎಚ್.ಡಿ. ವಿದ್ಯಾರ್ಥಿನಿ. ವಿಶ್ವವಿದ್ಯಾಲಯವೇ ಕೊಟ್ಟಿರುವ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸದಲ್ಲಿ ವಾರಕ್ಕೆ 20 ಗಂಟೆ ದುಡಿಯುತ್ತೇನೆ. ತರಗತಿಗಳು ನಡೆಯುವ ದಿನಗಳಲ್ಲಿ ನನ್ನಂಥ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ಸಿನಲ್ಲಿ ಅದಕ್ಕಿಂತ ಹೆಚ್ಚು ದುಡಿಯುವಂತೆಯೂ ಇಲ್ಲ. ಇದಕ್ಕೆ ಪ್ರತಿಯಾಗಿ ಬೋಧನಾ ಶುಲ್ಕ ಮನ್ನಾ, ತಿಂಗಳಿಗೆ ಒಂದಿಷ್ಟು ಭತ್ಯೆ. ವಿದ್ಯಾರ್ಥಿಗಳಿಗೆ ಓದಿನಲ್ಲಿ ನೆರವಾಗುವ ಕೇಂದ್ರವೊಂದು ಕ್ಯಾಂಪಸ್ಸಿನಲ್ಲಿದೆ, ನನ್ನ ಕೆಲಸ ಅಲ್ಲಿ. ಕೆಮಿಸ್ಟ್ರಿ, ಗಣಿತ ಹೇಳಿಕೊಡುವ ಟ್ಯೂಟರ್‌ಗಳು ಪಕ್ಕದ ಕೋಣೆಯಲ್ಲಿದ್ದಾರೆ. ನನ್ನ ಮೇಜಿಗೆ ಬರುವವರು ಓದುವುದು ಹೇಗೆ ಎಂಬುದನ್ನು ಕಲಿಯಲು ಬರುತ್ತಾರೆ, ಒಬ್ಬೊಬ್ಬರಾಗಿ, ಒಂದೊಂದು ಗಂಟೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿ ನನಗೆ ಹೆಚ್ಚು ನೋವು ಕೊಡುತ್ತದೆ. ಈ ಸಲ ಯುಗಾದಿಯ ಊಟಕ್ಕೆ ಸೇರಿದ್ದೆವು. ಚಿತ್ರಾನ್ನದ ಪಾತ್ರೆಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, ‘ಇವರು ದಡ್ಡ ಮಕ್ಕಳನ್ನು ಹಿಡಿದು ಪಾಸು ಮಾಡಿಸುತ್ತಾರೆ’ ಎಂದು ನನ್ನ ಪರಿಚಯ ಮಾಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದು ನನಗೆ ಗೊತ್ತು. ಆದರೆ ನನಗಿಂತ ಇಬ್ಬರು ಮುಂದೆ ನಿಂತಿದ್ದ ಕಾಲೇಜಿನ ಹುಡುಗನೊಬ್ಬ ತಿರುಗಿ ನನ್ನನ್ನು ಒಮ್ಮೆ ನೋಡಿ, ಮತ್ತೆ ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ಕೋಸಂಬರಿ ಬಡಿಸುತ್ತಿದ್ದವರು ‘ಸಾಕೇನಪ್ಪಾ?’ ಎಂದು ಎರಡು ಸಲ ಕೇಳಿದರೂ ಅವನಿಗೆ ಕೇಳಿಸಲಿಲ್ಲ.

ಅವನು ನಮ್ಮ ಕೇಂದ್ರಕ್ಕೆ ಬರುವವನೋ ಅಲ್ಲವೋ ನಾನು ಹೇಳುವಂತಿಲ್ಲ. ಅವನ ಒಪ್ಪಿಗೆಯಿಲ್ಲದೆ ಅವನ ಅಪ್ಪ ಅಮ್ಮನಿಗೂ ನಾನು ಹೇಳುವಂತಿಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ಓದಿನ ದಾಖಲೆಯ ಮೇಲಿನ ಹಕ್ಕು ಅವರದೇ ಎಂದು ಇಲ್ಲಿ 1974ರಲ್ಲಿ ಫೆರ್ಪಾ ಎಂಬ ಕಾನೂನು ಬಂದಿದೆ. ತರಬೇತಿಯ ಮೊದಲ ದಿನ ಅದನ್ನು ಓದಿ ಸಹಿ ಹಾಕಿದಾಗ ಅದು ನನಗೆ ಇನ್ನೊಂದು ಕಾಗದವಾಗಿತ್ತು. ಅದು ಯಾಕೆ ಬೇಕು ಎಂದು ಅರ್ಥವಾದದ್ದು ಆ ಊಟದ ಸಾಲಿನಲ್ಲಿ.

ದಡ್ಡ ಎನ್ನುವ ಮಾತನ್ನು ದಯವಿಟ್ಟು ಬಿಡಿ. ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 2.0ಕ್ಕಿಂತ ಕೆಳಗೆ ಇಳಿದರೆ ನಮ್ಮಲ್ಲಿ ಪ್ರೊಬೇಷನ್ ಎಂಬ ಎಚ್ಚರಿಕೆಯ ಪತ್ರ ಬರುತ್ತದೆ. ಆ ಪತ್ರ ಹಿಡಿದು ನನ್ನ ಎದುರು ಕೂತವರಲ್ಲಿ ದಡ್ಡರು ಒಬ್ಬರೂ ಇರಲಿಲ್ಲ. ರಾತ್ರಿಯೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಟ್ಟು ಬೆಳಗಿನ ಎಂಟು ಗಂಟೆಯ ತರಗತಿಗೆ ಬರುವವರಿದ್ದರು. ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರಿದ್ದರು. ಅಂಥ ಒಬ್ಬ ಹುಡುಗ ‘ಆಫೀಸ್ ಅವರ್ಸ್’ ಎಂದರೆ ಪ್ರೊಫೆಸರರು ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ಆಗ ಯಾರೂ ತೊಂದರೆ ಕೊಡಬಾರದು ಎಂದು ತಿಳಿದುಕೊಂಡಿದ್ದ. ವಿದ್ಯಾರ್ಥಿಗಳಿಗೆಂದೇ ತೆರೆದಿಟ್ಟ ಬಾಗಿಲಿನಿಂದ ಒಂದು ಇಡೀ ಸೆಮಿಸ್ಟರ್ ಮರ್ಯಾದೆಯಿಂದ ದೂರ ಉಳಿದಿದ್ದ.

‘ಆ ಒಂದು ಗಂಟೆ ಎದುರುಬದುರು ಕೂತು ಏನು ಮಾಡುತ್ತೀರಿ?’ ಎಂದು ಯಾರಾದರೂ ಕೇಳಬಾರದೇ ಎಂದು ಆಸೆಯಾಗುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ.

ಮೊದಲು ಒಂದು ಹಾಳೆ. ಅಡ್ಡಕ್ಕೆ 7 ದಿನ, ಉದ್ದಕ್ಕೆ 24 ಗಂಟೆ, ಒಟ್ಟು 168 ಚೌಕ. 15 ಕ್ರೆಡಿಟ್ ತೆಗೆದುಕೊಂಡರೆ ತರಗತಿಗೆ ವಾರಕ್ಕೆ ಸುಮಾರು 15 ಗಂಟೆ, ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದು ಎಂಬುದು ಇಲ್ಲಿನ ಲೆಕ್ಕ, ಅಲ್ಲಿಗೆ 45. ಅದರ ಮೇಲೆ ಕೆಲಸ, ಬಸ್ಸು, ಅಡುಗೆ, ತಮ್ಮ ತಂಗಿಯರ ಆರೈಕೆ. ತನ್ನನ್ನು ತಾನೇ ಸೋಮಾರಿ ಎಂದು ಬೈದುಕೊಳ್ಳುತ್ತಾ ಬಂದ ಹುಡುಗಿಯೊಬ್ಬಳು ಬಣ್ಣದ ಪೆನ್ಸಿಲ್ ಹಿಡಿದು ಚೌಕ ತುಂಬುತ್ತಾ ಹೋದಳು. ಮಂಗಳವಾರದ ಸಾಲಿಗೆ ಬಂದಾಗ ಕೈ ನಿಂತಿತು. ನಿದ್ದೆಗೆ ಉಳಿದದ್ದು ನಾಲ್ಕೇ ಚೌಕ. ‘ಹಾಗಾದರೆ ನಾನು ಸೋಮಾರಿಯಲ್ಲ’ ಎಂದಳು, ನನಗಲ್ಲ, ಆ ಹಾಳೆಗೆ.

ಆಮೇಲೆ ಪುಸ್ತಕ. ಹೆಚ್ಚಿನವರ ಪುಸ್ತಕದಲ್ಲಿ ಪುಟಕ್ಕೆ ಪುಟವೇ ಹಳದಿಯಾಗಿರುತ್ತದೆ, ಹೈಲೈಟರ್ ಮುಟ್ಟದ ಸಾಲನ್ನು ಹುಡುಕಬೇಕು. ಮೂರು ಮೂರು ಸಲ ಓದಿರುತ್ತಾರೆ. ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ನೆನಪಿರುವುದನ್ನು ಬರೆಯಲು ಹೇಳುತ್ತೇನೆ. ಎರಡು ಮೂರು ಸಾಲಿಗೆ ಪೆನ್ನು ನಿಲ್ಲುತ್ತದೆ. ಆಗ ಅವರ ಮುಖ ನೋಡುವುದು ಕಷ್ಟ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದ ಕಥೆಯನ್ನು ಅವರಿಗೆ ಹೇಳುವುದು ಆಗಲೇ. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ, ಓದಿದ್ದನ್ನೇ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ, ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಿದ್ದರು. ಪರೀಕ್ಷೆ ಯಾರಿಗೂ ಐದು ನಿಮಿಷದಲ್ಲಿ ಬರುವುದಿಲ್ಲವಲ್ಲ.

ಆ ಪ್ರಯೋಗದ ಬಗ್ಗೆ ಓದುವ ಎಷ್ಟೋ ವರ್ಷ ಮೊದಲೇ ಇದನ್ನು ನನಗೆ ಹಾಸ್ಟೆಲ್ಲಿನ ಅಕ್ಕನೊಬ್ಬರು ಹೇಳಿಕೊಟ್ಟಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲೇ ಗಣಿತದಲ್ಲಿ ಫೇಲಾದೆ. ಮೇಷ್ಟ್ರು ಇಡೀ ತರಗತಿಯ ಮುಂದೆ ‘ಇಂಥವರು ಯಾಕೆ ಸೀಟು ಹಾಳು ಮಾಡುತ್ತೀರಿ’ ಎಂದರು. ಎಂ.ಟೆಕ್. ಓದುತ್ತಿದ್ದ ಆ ಅಕ್ಕ ರಾತ್ರಿ ನನ್ನ ಮಂಚದ ಮೇಲೆ ಕೂತು, ಪುಸ್ತಕ ಮುಚ್ಚಿ ತಮ್ಮ ತೊಡೆಯ ಕೆಳಗಿಟ್ಟುಕೊಂಡು, ‘ಈಗ ಹೇಳು. ಕನ್ನಡದಲ್ಲೇ ಹೇಳು’ ಎಂದರು. ಆ ಸೆಮಿಸ್ಟರ್ ಪೂರ್ತಿ ಹಾಗೆ ಹೇಳಿಸಿದರು. ನಾನು ಇಲ್ಲಿ ಭತ್ಯೆ ಪಡೆದು ಮಾಡುವ ಕೆಲಸವನ್ನು ಅವರು ಊಟ ಮುಗಿಸಿ, ಬಟ್ಟೆ ಒಗೆದು, ತಮ್ಮ ಓದನ್ನು ಬದಿಗಿಟ್ಟು ಮಾಡಿದರು. ಪಕ್ಕದ ಬ್ಲಾಕಿನಲ್ಲಿ ಕೋಣೆ ಸಿಕ್ಕಿದ್ದರೆ ನನಗೆ ಅವರು ಸಿಗುತ್ತಿರಲಿಲ್ಲ. ಅಲ್ಲಿ ಕೋಣೆ ಸಿಕ್ಕಿದ್ದ ನನ್ನ ಗೆಳತಿ ಎರಡನೆಯ ವರ್ಷಕ್ಕೆ ಬರಲಿಲ್ಲ. ಅವಳು ನನಗಿಂತ ಜಾಣೆ.

ಆಫೀಸ್ ಅವರ್ಸಿನ ಹುಡುಗ ಕಳೆದ ವಾರ ಹೇಳದೆ ಕೇಳದೆ ಬಂದ. ಪ್ರೊಫೆಸರರ ಕೋಣೆಯ ಹೊರಗೆ ಬೆಂಚಿನ ಮೇಲೆ ಹನ್ನೆರಡು ನಿಮಿಷ ಕೂತಿದ್ದನಂತೆ, ಮೊಬೈಲಿನಲ್ಲಿ ಗಂಟೆ ನೋಡುತ್ತಾ. ನಾವಿಬ್ಬರೂ ಕೂಡಿ ಬರೆದಿದ್ದ ಎರಡು ಪ್ರಶ್ನೆಗಳ ಚೀಟಿ ಕೈಯಲ್ಲಿತ್ತು. ಬೆವರಿಗೆ ಶಾಯಿ ಕಲಸಿ ಹೋಗಿದ್ದ ಆ ಚೀಟಿಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು ತೋರಿಸಿದ.

‘ಅವರು ಬೈಯಲಿಲ್ಲ’ ಎಂದ. ‘ಮುಂದಿನ ವಾರವೂ ಬಾ ಎಂದರು.’